ತಾಯಿ ಕಾರ್ಡಿನ ಆ ಒಂದು ನಂಬರು

2017ರಲ್ಲಿ ಪಿಎಚ್‌ಡಿಗೆ ಅರ್ಜಿ ಹಾಕುತ್ತೇನೆ ಎಂದಾಗ ಅತ್ತೆ ಕೇಳಿದ ಮೊದಲ ಮಾತು, "ನೀನು ಆಗಲೇ ಡಾಕ್ಟ್ರಲ್ವೇನಮ್ಮಾ? ಮತ್ತೆ ಡಾಕ್ಟರ್ ಆಗೋದು ಅಂದ್ರೆ ಹೆಂಗೆ?"

ನಮ್ಮ ವಿಭಾಗದಲ್ಲೂ ಹೆಚ್ಚುಕಡಿಮೆ ಇದೇ ಪ್ರಶ್ನೆ. ವೈದ್ಯಕೀಯ ಕಾಲೇಜಿನಲ್ಲಿ ಪಾಠ ಮಾಡಲು ಎಂ.ಡಿ. ಇದ್ದರೆ ಸಾಕು. ಪ್ರಮೋಶನ್‌ಗೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ, ಎಷ್ಟು ಲೇಖನ ಪ್ರಕಟವಾಗಿವೆ ಎಂದು ನೋಡುತ್ತಾರೆ. ಪಿಎಚ್‌ಡಿ ಕೇಳುವುದಿಲ್ಲ. ನನಗಾಗ 36 ವರ್ಷ, ಮಗಳಿಗೆ ನಾಲ್ಕು. ಸುಮ್ನೆ ಯಾಕೆ ಈ ತಾಪತ್ರಯ ಎಂದು ಪ್ರೀತಿಯಿಂದಲೇ ಹೇಳಿದವರು ಜಾಸ್ತಿ.

ಅತ್ತೆಗೆ ಆ ದಿನ ನಾನು ಸರಿಯಾದ ಉತ್ತರ ಕೊಡಲಿಲ್ಲ. ಉತ್ತರ ಇದ್ದದ್ದು ಒಂದು ತಾಯಿ ಕಾರ್ಡಿನಲ್ಲಿ, ಗರ್ಭಿಣಿಯ ತಪಾಸಣೆಯ ವಿವರ ಬರೆಯುವ ಕಾರ್ಡಿನಲ್ಲಿ. ಅದನ್ನು ಹೇಳಲು ನನಗೆ ಆಗ ಬಾಯಿ ಬರಲಿಲ್ಲ.

ನಾನು ಕಲ್ಯಾಣ ಕರ್ನಾಟಕದ ಒಂದು ವೈದ್ಯಕೀಯ ಕಾಲೇಜಿನಲ್ಲಿ ಕಮ್ಯುನಿಟಿ ಮೆಡಿಸಿನ್ ವಿಭಾಗದವಳು. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ತಪಾಸಣೆ ದಿನ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಎಂದು 2016ರಲ್ಲಿ ಶುರುವಾದ ಕಾರ್ಯಕ್ರಮ ಅದು. ನಮ್ಮ ಕಾಲೇಜಿನಿಂದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆ ದಿನ ನಾನು ಹೋಗುತ್ತಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಶುರುವಾದರೆ ಮಧ್ಯಾಹ್ನದ ಹೊತ್ತಿಗೆ ಐವತ್ತು ಅರವತ್ತು ಹೆಂಗಸರು. ಬಿಪಿ, ತೂಕ, ಹೊಟ್ಟೆ ನೋಡುವುದು, ಕಾರ್ಡಿಗೆ ಸಹಿ.

ಒಂದು ಸಲ ನಮ್ಮ ಕಾಲೇಜಿನ ಆಸ್ಪತ್ರೆಗೇ ಎಂಟು ತಿಂಗಳ ಗರ್ಭಿಣಿಯೊಬ್ಬರು ಬಂದರು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಮುಖ ಬಿಳಿಚಿತ್ತು, ಕಾಲು ಊದಿತ್ತು. ಯಂತ್ರದಲ್ಲಿ ಹಿಮೋಗ್ಲೋಬಿನ್ 5.8 ಗ್ರಾಂ ಬಂತು. ಗರ್ಭಿಣಿಗೆ 11 ಇರಬೇಕು. 7ಕ್ಕಿಂತ ಕೆಳಗೆ ಹೋದರೆ ತೀವ್ರ ರಕ್ತಹೀನತೆ. ಬಸುರಿನ ಕೊನೆಯ ಮೂರು ತಿಂಗಳಲ್ಲಿ ಹಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅವರಿಗೆ ರಕ್ತ ಹಾಕಿದರು. ತಾಯಿ ಮಗು ಇಬ್ಬರೂ ಉಳಿದರು. ಆದರೆ ಅವರ ತಾಯಿ ಕಾರ್ಡು ನೋಡಿ ನನ್ನ ಕೈ ನಡುಗಿತು. ಇಪ್ಪತ್ತು ದಿನದ ಹಿಂದೆ ಬರೆದ ಹಿಮೋಗ್ಲೋಬಿನ್ 10.2. ಆ 10.2ರ ಪಕ್ಕ ಇದ್ದ ಸಹಿ ನನ್ನದು.

ಇಪ್ಪತ್ತು ದಿನದಲ್ಲಿ, ರಕ್ತಸ್ರಾವ ಏನೂ ಇಲ್ಲದೆ, 10.2 ಇದ್ದದ್ದು 5.8ಕ್ಕೆ ಇಳಿಯುವುದಿಲ್ಲ. ಅಂದರೆ ಆ ನಂಬರು ಮೊದಲೇ ಸುಳ್ಳು. ನಾನು ಅದನ್ನು ನಂಬಿ ಸಹಿ ಹಾಕಿದ್ದೆ.

ಆ ಕೇಂದ್ರದಲ್ಲಿ ಹಿಮೋಗ್ಲೋಬಿನ್ ನೋಡುತ್ತಿದ್ದದ್ದು ಸಾಹ್ಲಿ ವಿಧಾನದಲ್ಲಿ. ಸ್ವಿಜರ್ಲೆಂಡಿನ ಹರ್ಮನ್ ಸಾಹ್ಲಿ ಎಂಬ ವೈದ್ಯರು ನೂರು ವರ್ಷಕ್ಕೂ ಹಿಂದೆ ಮಾಡಿಕೊಟ್ಟ ವಿಧಾನ ಅದು. ಬೆರಳು ಚುಚ್ಚಿ 0.02 ಮಿಲಿಲೀಟರ್ ರಕ್ತವನ್ನು ಪಿಪೆಟ್‌ನಲ್ಲಿ ಎಳೆಯಬೇಕು. ಸ್ವಲ್ಪ ಆಸಿಡ್ ಇರುವ ಗಾಜಿನ ಕೊಳವೆಗೆ ಬಿಡಬೇಕು. ಹತ್ತು ನಿಮಿಷ ಕಾದರೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಆಮೇಲೆ ಡಿಸ್ಟಿಲ್ಡ್ ವಾಟರ್ ಒಂದೊಂದೇ ಹನಿ ಹಾಕುತ್ತಾ, ಪಕ್ಕದ ಗಾಜಿನ ಬಣ್ಣಕ್ಕೆ ಹೊಂದುವವರೆಗೆ ತಿಳಿ ಮಾಡಬೇಕು. ಹೊಂದಿತು ಎಂದು ಹೇಳಬೇಕಾದದ್ದು ಕಣ್ಣು. ಕಿಟಕಿ ಬೆಳಕು ಕಡಿಮೆ ಇದ್ದರೆ ನಂಬರು ಬೇರೆ. ಪಕ್ಕದ ಗಾಜು ಹಳೆಯದಾಗಿ ಮಾಸಿದ್ದರೆ ಬೇರೆ. ಬೆರಳನ್ನು ಹಿಂಡಿ ರಕ್ತ ತೆಗೆದರೆ ನೀರಂಶ ಸೇರಿ ಮತ್ತೂ ಬೇರೆ. ಇನ್ನು ಆ ಹತ್ತು ನಿಮಿಷ. ಅರವತ್ತು ಜನ ಸಾಲಿನಲ್ಲಿ ನಿಂತಿರುವಾಗ, ಒಬ್ಬರೇ ಸಿಸ್ಟರ್ ಇರುವಾಗ, ಆ ಹತ್ತು ನಿಮಿಷ ಎಲ್ಲಿಂದ ಬರಬೇಕು?

ಇದು ಎಂ.ಡಿ.ಯಲ್ಲಿ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾಗಿದ್ದೆ. ನನ್ನ ಎಂ.ಡಿ. ಥೀಸಿಸ್ ಕೂಡ ರಕ್ತಹೀನತೆಯ ಮೇಲೆಯೇ. ಆದರೆ ಆ ಥೀಸಿಸ್ ಹೇಗೆ ಮಾಡಿದ್ದೆ ಎಂದು ಈಗ ನೆನೆಸಿಕೊಂಡರೆ ಬೇಸರವಾಗುತ್ತದೆ. ಸೇರಿದ ಕೆಲವೇ ತಿಂಗಳಲ್ಲಿ ವಿಷಯ ಆರಿಸಬೇಕು. ಸೀನಿಯರ್ ಒಬ್ಬರ ಹಳೆಯ ಪ್ರಶ್ನಾವಳಿ ಸಿಕ್ಕಿತು. ರಾತ್ರಿ ಡ್ಯೂಟಿ, ಸೆಮಿನಾರ್, ಶಿಬಿರಗಳ ನಡುವೆ ಡೇಟಾ ಸೇರಿಸಿದೆ. ಲೆಕ್ಕವನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿದೆ. ಅವರು ಕೊಟ್ಟ ಟೇಬಲ್‌ಗಳನ್ನು ಅಂಟಿಸಿದೆ. ಅದರಲ್ಲಿ ಯಾವ ಟೆಸ್ಟನ್ನು ಯಾಕೆ ಹಾಕಿದ್ದಾರೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಈಗಿನ ಪಿಜಿ ಹುಡುಗರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಚೆನ್ನೈ ಸಂಸ್ಥೆ ನಡೆಸುವ ಸಂಶೋಧನೆಯ ಮೂಲ ಕೋರ್ಸ್ ಕಡ್ಡಾಯವಾಗಿದೆ. ನಮ್ಮ ಕಾಲಕ್ಕೆ ಅದು ಇರಲಿಲ್ಲ. ಆದರೂ ತಪ್ಪು ಪೂರಾ ವ್ಯವಸ್ಥೆಯದು ಎಂದು ನಾನು ಹೇಳುವುದಿಲ್ಲ. ಕಲಿಯಬೇಕು ಅಂತ ನನಗೇ ಅನಿಸಿರಲಿಲ್ಲ.

ಗೈಡ್ ಹುಡುಕುವುದಕ್ಕೆ ಆರು ತಿಂಗಳು ಹಿಡಿಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2016ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಒಂದು ಸಲಕ್ಕೆ ಎಂಟು ಜನ ಪಿಎಚ್‌ಡಿ ವಿದ್ಯಾರ್ಥಿಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಕೇಳಿದ ಕಡೆಯಲ್ಲೆಲ್ಲ ಜಾಗ ಖಾಲಿ ಇಲ್ಲ. ಕೊನೆಗೆ ಸಿಕ್ಕ ಸರ್ ನನ್ನ ಊರಿನಿಂದ ರೈಲಿನಲ್ಲಿ ಒಂದು ರಾತ್ರಿಯ ದೂರದಲ್ಲಿದ್ದರು. ಮೊದಲ ಭೇಟಿಗೆ ನಾನು ಹನ್ನೆರಡು ಪುಟದ ಪ್ರಸ್ತಾವ ತೆಗೆದುಕೊಂಡು ಹೋಗಿದ್ದೆ. ರಕ್ತಹೀನತೆಗೆ ಕಾರಣ ಏನು, ಊಟ ಏನು, ಮಾತ್ರೆ ಯಾಕೆ ನುಂಗುವುದಿಲ್ಲ, ಹೆರಿಗೆಯಲ್ಲಿ ಏನಾಗುತ್ತದೆ, ಎಲ್ಲವೂ ಅದರಲ್ಲಿತ್ತು. ಸರ್ ಓದಿ ಪಕ್ಕಕ್ಕಿಟ್ಟರು. "ಇದು ಐದು ಪಿಎಚ್‌ಡಿ ಆಗುತ್ತಮ್ಮಾ. ನಿಮಗೆ ರಾತ್ರಿ ನಿದ್ದೆ ಬರದೆ ಇರೋ ಹಾಗೆ ಮಾಡಿರೋ ಪ್ರಶ್ನೆ ಇದರಲ್ಲಿ ಯಾವುದು?"

ನಾನು ಆ 10.2ರ ಕಥೆ ಹೇಳಿದೆ. ಮೊದಲ ಸಲ, ಗಂಡನ ಹೊರತಾಗಿ ಬೇರೊಬ್ಬರಿಗೆ.

"ಹಾಗಾದ್ರೆ ಅಷ್ಟೇ ಕೇಳಿ" ಅಂದರು. "ಆ ನಂಬರ್ ನಿಜವಾ?"

ಹೀಗೆ ಹನ್ನೆರಡು ಪುಟದ್ದು ಒಂದು ಸಾಲಾಯಿತು. ಆರೋಗ್ಯ ಕೇಂದ್ರದಲ್ಲಿ ಸಾಹ್ಲಿಯಿಂದ ಬರುವ ಹಿಮೋಗ್ಲೋಬಿನ್, ಸ್ಟ್ರಿಪ್ ಹಾಕುವ ಚಿಕ್ಕ ಡಿಜಿಟಲ್ ಮೀಟರಿನ ಹಿಮೋಗ್ಲೋಬಿನ್, ಮತ್ತು ಅದೇ ಹೆಂಗಸಿನ ರಕ್ತನಾಳದಿಂದ ತೆಗೆದ ರಕ್ತ ಲ್ಯಾಬಿನ ಯಂತ್ರದಲ್ಲಿ ಕೊಡುವ ಹಿಮೋಗ್ಲೋಬಿನ್. ಇವು ಮೂರೂ ಎಷ್ಟು ಹೊಂದುತ್ತವೆ? ಹೊಂದದಿದ್ದರೆ, ಯಾಕೆ?

ಮೊದಲ ವರ್ಷ ಕೋರ್ಸ್ ವರ್ಕ್. ಶೇಕಡಾ 55 ಅಂಕ ಬರಬೇಕು. ಇಲ್ಲಿ ನಾನು ನಿಜವಾಗಿ ಹೊಸದಾಗಿ ಕಲಿತದ್ದು ಒಂದು ಪಾಠ. ಎರಡು ಯಂತ್ರ ಹೊಂದುತ್ತವೆಯೇ ಎಂದು ನೋಡಲು ಕೋರಿಲೇಶನ್, ಅಂದರೆ ಒಂದು ಏರಿದಂತೆ ಇನ್ನೊಂದೂ ಏರುತ್ತದೆಯೇ ಎನ್ನುವ ಲೆಕ್ಕ, ಹಾಕಿದರಾಯಿತು ಎಂದು ನಾನು ತಿಳಿದಿದ್ದೆ. ಸರ್ ಬೋರ್ಡಿನ ಮೇಲೆ ಬರೆದು ತೋರಿಸಿದರು. ಒಂದು ಮೀಟರು ಎಲ್ಲರಿಗೂ ಸರಿಯಾಗಿ 2 ಗ್ರಾಂ ಜಾಸ್ತಿ ತೋರಿಸುತ್ತದೆ ಎಂದುಕೊಳ್ಳಿ. ಕೋರಿಲೇಶನ್ ಪೂರ್ತಿ 1 ಬರುತ್ತದೆ. ಪೇಪರಿನಲ್ಲಿ ಅದ್ಭುತ. ಆದರೆ 6 ಇರುವ ಹೆಂಗಸು 8 ಎಂದು ಬರೆಸಿಕೊಂಡು ಮನೆಗೆ ಹೋಗುತ್ತಾಳೆ. ಮಾರ್ಟಿನ್ ಬ್ಲಾಂಡ್ ಮತ್ತು ಡಗ್ಲಾಸ್ ಆಲ್ಟ್‌ಮನ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1986ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಎರಡು ಅಳತೆಗಳ ವ್ಯತ್ಯಾಸ ತೆಗೆಯಿರಿ. ಅದನ್ನು ಆ ಎರಡರ ಸರಾಸರಿಯ ಎದುರು ಚುಕ್ಕಿ ಹಾಕಿ. ಚುಕ್ಕಿಗಳು ಎಷ್ಟು ಅಗಲಕ್ಕೆ ಹರಡಿವೆ ನೋಡಿ. ರೋಗಿಯ ವಿಷಯದಲ್ಲಿ ಅಷ್ಟು ವ್ಯತ್ಯಾಸವನ್ನು ಒಪ್ಪಬಹುದೇ ಎಂದು ವೈದ್ಯರು ಹೇಳಬೇಕು, ಲೆಕ್ಕ ಅದನ್ನು ಹೇಳುವುದಿಲ್ಲ. ಇಷ್ಟೇ. ಕೂಡುವುದು ಕಳೆಯುವುದು ಬರುವ ಯಾರಾದರೂ ಮಾಡಬಹುದಾದ ಕೆಲಸ. ಆ ಮಧ್ಯಾಹ್ನ ನನ್ನ ಎಂ.ಡಿ. ಥೀಸಿಸ್ಸಿನ ಮೂರನೇ ಅಧ್ಯಾಯ ಪೂರ್ತಿ ತಪ್ಪು ಎಂದು ನನಗೆ ಗೊತ್ತಾಯಿತು. ಸಂಕಟವಾಯಿತು. ಜೊತೆಗೆ, ಹೇಗೆ ಹೇಳಲಿ, ಹಸಿವಾದಾಗ ಊಟ ಸಿಕ್ಕಿದ ಹಾಗೂ ಆಯಿತು.

ಆ ವರ್ಷವೇ ಮಗ ಹುಟ್ಟಿದ. ಪಿಎಚ್‌ಡಿ ಮಾಡುವ ಹೆಂಗಸರಿಗೆ ಒಟ್ಟು ಅವಧಿಯಲ್ಲಿ ಒಂದು ಸಲ 240 ದಿನದವರೆಗೆ ಹೆರಿಗೆ ಅಥವಾ ಮಗುವಿನ ಆರೈಕೆಯ ರಜೆ ಇದೆ. ಆರು ವರ್ಷದ ಮಿತಿಯ ಮೇಲೆ ಇನ್ನೂ ಎರಡು ವರ್ಷ ಸಡಿಲಿಕೆಯೂ ಇದೆ. ಇದು ಎಷ್ಟೋ ವೈದ್ಯೆಯರಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಅದನ್ನು ಕೇಳಿ ತೆಗೆದುಕೊಂಡೆ, ಸಂಕೋಚಪಡಲಿಲ್ಲ.

ಆಮೇಲೆ ಬಂದದ್ದು ನೈತಿಕ ಸಮಿತಿ. ಎಥಿಕ್ಸ್ ಕಮಿಟಿ ಅಂದರೆ ಒಂದು ಸಹಿ, ಒಂದು ಸೀಲು ಎಂದು ತಿಳಿದವಳು ನಾನು. ಐಸಿಎಂಆರ್‌ನ 2017ರ ಮಾರ್ಗಸೂಚಿಯಂತೆ ಅದರಲ್ಲಿ ಡಾಕ್ಟರುಗಳಷ್ಟೇ ಅಲ್ಲ, ಕಾನೂನು ತಿಳಿದವರು, ವೈದ್ಯಕೀಯಕ್ಕೆ ಸಂಬಂಧವೇ ಇಲ್ಲದ ಸಾಮಾನ್ಯರೊಬ್ಬರು ಇರಬೇಕು. ನಮ್ಮ ಸಮಿತಿಯಲ್ಲಿ ಆ ಸಾಮಾನ್ಯ ಸದಸ್ಯರು ನಿವೃತ್ತ ಕನ್ನಡ ಮೇಷ್ಟ್ರು. ಅವರು ನನ್ನ ಸಮ್ಮತಿ ಪತ್ರವನ್ನು ಕೈಯಲ್ಲಿ ಹಿಡಿದು, "ಇದನ್ನ ಬರೆದವರು ಯಾರ್ರೀ?" ಅಂದರು. ನಾನೇ ಎಂದೆ. ಮೇಷ್ಟ್ರು ಒಂದು ಸಾಲು ಗಟ್ಟಿಯಾಗಿ ಓದಿದರು. "ಸದರಿ ಸಂಶೋಧನೆಯಲ್ಲಿ ಪಾಲ್ಗೊಳ್ಳುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು ತಮ್ಮ ಮಾಹಿತಿಯ ಗೌಪ್ಯತೆಯನ್ನು ಕಾಪಾಡಲಾಗುವುದು." ಓದಿ ಕೇಳಿದರು, "ಬಾಣಂತನಕ್ಕೆ ತೌರಿಗೆ ಬಂದ ಹುಡುಗಿ, ನಾಕನೇತ್ತೆ ಕಲ್ತಾಕಿ, ಇದನ್ನ ಕೇಳಿ ಹೆಬ್ಬಟ್ಟು ಒತ್ತಿದ್ರ, ಆಕಿ ಯಾತಕ್ಕ ಒಪ್ಪಿದಂಗಾತು?"

ಯಾರೂ ಮಾತಾಡಲಿಲ್ಲ.

ಇನ್ನೊಬ್ಬ ಸದಸ್ಯರು ಬೇರೆ ಪ್ರಶ್ನೆ ಕೇಳಿದರು. ಸಾಹ್ಲಿಯಲ್ಲಿ 9 ಬಂದು, ನಿಮ್ಮ ಲ್ಯಾಬಿನಲ್ಲಿ 6 ಬಂದರೆ ಆ ಹೆಂಗಸಿಗೆ ಎಷ್ಟು ಗಂಟೆಯೊಳಗೆ ತಿಳಿಸುತ್ತೀರಿ? ಯಾರು ತಿಳಿಸುತ್ತಾರೆ? ಆಕೆಯನ್ನು ಆಸ್ಪತ್ರೆಗೆ ತರುವುದು ಯಾರು? ನನ್ನ ಪ್ರಸ್ತಾವದಲ್ಲಿ ಇದಕ್ಕೆ ಒಂದು ಸಾಲೂ ಇರಲಿಲ್ಲ. 5.8ರ ಹೆಂಗಸಿಗಾಗಿ ಪಿಎಚ್‌ಡಿ ಶುರುಮಾಡಿದವಳು, ನಾಳೆ ಸಿಗುವ 5.8ಕ್ಕೆ ಏನು ಮಾಡಬೇಕೆಂದು ಬರೆದಿರಲಿಲ್ಲ. ಸಮಿತಿ ವಾಪಸ್ ಕಳಿಸಿತು. ಅವತ್ತು ನಾನು ಅತ್ತುಬಿಟ್ಟೆ. ಇವತ್ತಿಗೂ ನಾನು ಆ ಸಮಿತಿಗೆ ಋಣಿ.

ಸಮ್ಮತಿ ಪತ್ರವನ್ನು ಮತ್ತೆ ಬರೆಯಲು ಮೂರು ತಿಂಗಳಾಯಿತು. ನಾನು ತುಮಕೂರು ಕಡೆಯವಳು. ನನ್ನ ಕನ್ನಡವೇ ಅಲ್ಲಿ ಅರ್ಧ ನಡೆಯುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯೊಬ್ಬರ ಮನೆ ಕಟ್ಟೆಯ ಮೇಲೆ ಕೂತು, ಬಂದ ಹೆಂಗಸರಿಗೆ ಒಂದೊಂದು ಸಾಲು ಓದಿ ಹೇಳುತ್ತಿದ್ದೆ. 'ಸಂಶೋಧನೆ' ಎಂದ ಕೂಡಲೇ ಒಬ್ಬರು, "ನಮ್ಮ ಮ್ಯಾಲೆ ಪ್ರಯೋಗ ಮಾಡ್ತೀರೇನ್ರಿ ಮೇಡಮ್ಮರ?" ಎಂದರು. 'ರಕ್ತದ ಮಾದರಿ' ಎಂದರೆ ಯಾರಿಗೂ ಏನೂ ಅನಿಸಲಿಲ್ಲ. "ಎರಡು ಎಂಎಲ್" ಎಂದರೂ ಅಷ್ಟೇ. "ಅರ್ಧ ಚಮಚಾನೂ ಆಗಂಗಿಲ್ಲ" ಎಂದು ಆಶಾ ಅಕ್ಕ ಹೇಳಿದ ಮೇಲೆ ಮುಖ ಸಡಿಲವಾಯಿತು. ಎಲ್ಲರೂ ಕೇಳಿದ ಒಂದು ಪ್ರಶ್ನೆ ನನ್ನ ಪತ್ರದಲ್ಲಿ ಎಲ್ಲೂ ಇರಲಿಲ್ಲ: "ಒಲ್ಲೆ ಅಂದ್ರ ಔಷಧಿ ಕೊಡಂಗಿಲ್ಲೇನು?" ಅದಕ್ಕೆ ಉತ್ತರವನ್ನೇ ಹೊಸ ಪತ್ರದ ಮೊದಲ ಸಾಲು ಮಾಡಿದೆ. 'ನೀವು ಬೇಡ ಅಂದರೂ ನಿಮಗೆ ಸಿಗುವ ಔಷಧಿ, ಮಾತ್ರೆ, ತಪಾಸಣೆ ಯಾವುದೂ ನಿಲ್ಲುವುದಿಲ್ಲ.' 'ಗೌಪ್ಯತೆ' ಹೋಗಿ 'ನಿಮ್ಮ ಹೆಸರನ್ನು ಯಾರಿಗೂ ಹೇಳುವುದಿಲ್ಲ' ಬಂತು. ಓದಲು ಬಾರದವರಿಗೆ ನಮ್ಮ ತಂಡಕ್ಕೆ ಸೇರದ ಒಬ್ಬರು ಸಾಕ್ಷಿಯಾಗಿ ಪಕ್ಕದಲ್ಲಿ ಕೂತು ಪೂರ್ತಿ ಕೇಳಿಸಿಕೊಳ್ಳಬೇಕು ಎಂಬ ನಿಯಮ ಇದೆ. ಅದನ್ನು ಒಂದು ಸಲವೂ ತಪ್ಪಿಸಲಿಲ್ಲ. ಎರಡನೇ ಸಲ ಸಮಿತಿಗೆ ಹೋದಾಗ ಮೇಷ್ಟ್ರು ಓದಿ, ಏನೂ ಹೇಳದೆ ಸಹಿ ಮಾಡಿದರು.

2019ರಲ್ಲಿ ಕ್ಷೇತ್ರದ ಕೆಲಸ ಶುರುವಾಯಿತು. ಮೊದಲ ವಾರದ ರಕ್ತ ಪೂರ್ತಿ ಹಾಳಾಯಿತು. ನೇರಳೆ ಮುಚ್ಚಳದ ಟ್ಯೂಬಿಗೆ ರಕ್ತ ಹಾಕಿದ ಕೂಡಲೇ ಮೆಲ್ಲಗೆ ಎಂಟು ಹತ್ತು ಸಲ ತಿರುವಬೇಕು. ಇಲ್ಲದಿದ್ದರೆ ಹೆಪ್ಪುಗಟ್ಟುತ್ತದೆ. ಅವಸರದಲ್ಲಿ ನಾನೇ ಅದನ್ನು ಸರಿಯಾಗಿ ಮಾಡಿರಲಿಲ್ಲ. ಆ ಹೆಂಗಸರ ಹತ್ತಿರ ಮತ್ತೆ ಹೋಗಿ, ನನ್ನ ತಪ್ಪಿನಿಂದ ಹಾಳಾಯಿತು ಎಂದು ಹೇಳಿದೆ. ಮತ್ತೊಮ್ಮೆ ಕೊಡಿ ಎಂದು ಕೇಳುವ ಧೈರ್ಯ ಬರಲಿಲ್ಲ. ಇಬ್ಬರು ತಾವಾಗಿಯೇ ಕೈ ಚಾಚಿದರು.

ಲ್ಯಾಬಿನ ಯಂತ್ರದ ಫಲಿತಾಂಶ ಬರುವ ಮೊದಲೇ ಸಾಹ್ಲಿಯ ನಂಬರು ಬರೆದು ಲಕೋಟೆಗೆ ಹಾಕಿ ಅಂಟಿಸಬೇಕು ಎಂದು ನಿಯಮ ಮಾಡಿಕೊಂಡಿದ್ದೆ. ಒಂದು ಗೊತ್ತಿದ್ದರೆ ಕಣ್ಣು ಇನ್ನೊಂದನ್ನು ಅದರ ಹತ್ತಿರ ಎಳೆಯುತ್ತದೆ. ಹಳೆಯ ರಿಜಿಸ್ಟರುಗಳನ್ನು ನೋಡಿದಾಗ ಇನ್ನೊಂದು ಕಂಡಿತು. ಪುಟದ ತುಂಬ 9, 10, 10.5, 10. ಮನುಷ್ಯರ ರಕ್ತ ಹೀಗೆ ಗುಂಡಗಿನ ಅಂಕಿಗಳಲ್ಲಿ ಇರುವುದಿಲ್ಲ. 7ರ ಕೆಳಗೆ ಒಂದೂ ಇಲ್ಲ.

ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಅಲ್ಲಿನ ಸಿಸ್ಟರ್ ಜೊತೆ ಇಡೀ ದಿನ ಕೂತೆ. ಅವರದು ಇಪ್ಪತ್ತು ವರ್ಷದ ಅನುಭವ. ಸಂಜೆ ಚಹಾ ಕುಡಿಯುತ್ತಾ ಅವರೇ ಹೇಳಿದರು. "ಆರು ಅಂತ ಬರದ್ರ ಆಕೀನ್ನ ಕಳಸಬೇಕು ಮೇಡಮ್. ಗಾಡಿ ಬರೂದು ಸಂಜಿಕೆ. ಆಕಿ ಅತ್ತಿ ಒಲ್ಲೆ ಅಂತಾಳ. ಮರುದಿನ ಮೀಟಿಂಗಿನಾಗ ನಿಮ್ಮ ಏರಿಯಾದಾಗ ಯಾಕ ಆರು ಬಂತು ಅಂತ ನನ್ನ ಕೇಳ್ತಾರ. ಹತ್ತು ಅಂತ ಬರದ್ರ ಯಾರೂ ಕೇಳಂಗಿಲ್ಲ." ಅವರ ಕಣ್ಣಲ್ಲಿ ನೀರಿತ್ತು. ಬಣ್ಣ ನೋಡುವ ಗಾಜು ಮಾಸಿ ಎಷ್ಟು ವರ್ಷವಾಗಿತ್ತೋ. ಕಿಟಕಿಗೆ ಎದುರು ಗೋಡೆ ಎದ್ದು ಬೆಳಕೇ ಇರಲಿಲ್ಲ. ಇದನ್ನು ಯಾವ ಚುಕ್ಕಿಯ ಚಿತ್ರವೂ ತೋರಿಸುವುದಿಲ್ಲ. ನನ್ನ ಪ್ರಬಂಧದಲ್ಲಿ ಇದಕ್ಕಾಗಿ ಒಂದು ಅಧ್ಯಾಯ ಸೇರಿಸಿದೆ. ಸರ್ ಮೊದಲು ಬೇಡ ಎಂದರು. ನಾನು ಹಟ ಹಿಡಿದೆ. ಅವರ ಮಾತಿಗೆ ನಾನು ಎದುರಾಡಿದ್ದು ಅದೊಂದೇ ಸಲ. ಓದಿದ ಮೇಲೆ ಅವರೇ, ಇರಲಿ, ಇದು ಮುಖ್ಯ ಎಂದರು.

2020ರ ಮಾರ್ಚ್‌ನಲ್ಲಿ ಎಲ್ಲವೂ ನಿಂತಿತು. ಕೋವಿಡ್ ಡ್ಯೂಟಿಯ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಒಂದೂವರೆ ವರ್ಷ ಪಿಎಚ್‌ಡಿ ಫೈಲನ್ನು ತೆರೆಯಲೇ ಇಲ್ಲ. 2021ರ ಕೊನೆಗೆ ಮತ್ತೆ ಹೋದಾಗ ಆ ಕೇಂದ್ರಕ್ಕೆ ಡಿಜಿಟಲ್ ಮೀಟರ್ ಬಂದಿತ್ತು. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮ ಡಿಜಿಟಲ್ ವಿಧಾನವನ್ನೇ ಬಳಸಿ ಎನ್ನುತ್ತದೆ. ಖುಷಿಯಾಯಿತು. ಆದರೆ ಸ್ಟ್ರಿಪ್ ಮುಗಿದು ಎರಡು ವಾರ ಆಗಿತ್ತು. ಸಾಹ್ಲಿಯ ಕೊಳವೆ ಮತ್ತೆ ಮೇಜಿನ ಮೇಲೆ ಬಂದಿತ್ತು.

ಬರವಣಿಗೆಗೆ ಹದಿನಾಲ್ಕು ತಿಂಗಳು. ಬೆಳಗಿನ ಜಾವ ನಾಲ್ಕರಿಂದ ಆರು, ಮಕ್ಕಳು ಏಳುವ ಮುಂಚೆ. ಆರು ತಿಂಗಳಿಗೊಮ್ಮೆ ಸಲಹಾ ಸಮಿತಿಯ ಮುಂದೆ ಪ್ರಗತಿ ತೋರಿಸಬೇಕಿತ್ತು. ಇಲ್ಲದಿದ್ದರೆ ನಾನು ಮುಗಿಸುತ್ತಿರಲಿಲ್ಲ. ನಕಲು ಪತ್ತೆ ಮಾಡುವ ಸಾಫ್ಟ್‌ವೇರಿನಲ್ಲಿ ಹೋಲಿಕೆ ಶೇಕಡಾ 10ರ ಒಳಗಿರಬೇಕು. ವಿಧಾನದ ಅಧ್ಯಾಯದಲ್ಲಿ ಎಲ್ಲರೂ ಬರೆಯುವ ವಾಕ್ಯಗಳೇ ಇರುವುದರಿಂದ ಅಲ್ಲಿ ಸ್ವಲ್ಪ ಒದ್ದಾಡಿದೆ. ನಮ್ಮ ನಿಯಮದ ಪ್ರಕಾರ ಸಲ್ಲಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕಿತ್ತು. 2022ರ ಹೊಸ ನಿಯಮದಲ್ಲಿ ಆ ಕಡ್ಡಾಯ ಹೋಗಿದೆ. ನನಗೆ ಹೋಗದಿದ್ದದ್ದೇ ಒಳ್ಳೆಯದಾಯಿತು. ಎರಡು ಸಲ ತಿರಸ್ಕಾರವಾಗಿ ಬಂದ ಟಿಪ್ಪಣಿಗಳಿಂದ ಪ್ರಬಂಧವೇ ಸುಧಾರಿಸಿತು.

2023ರಲ್ಲಿ ಸಲ್ಲಿಸಿದೆ. ಮುಂದಿನ ವರ್ಷ ವೈವಾ, ಅಂದರೆ ಮೌಖಿಕ ಪರೀಕ್ಷೆ. ಪಿಎಚ್‌ಡಿ ವೈವಾಕ್ಕೆ ಇತರ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಬಂದು ಕೂರಬಹುದು. ಅತ್ತೆಯೂ ಬರುತ್ತೇನೆ ಎಂದರು, ಹಿಂದಿನ ಬೆಂಚಿನಲ್ಲಿ ಕೂರಿಸಿದೆವು. ಹೊರಗಿನ ಪರೀಕ್ಷಕರು ಅಂಕಿ ಅಂಶಗಳ ಮೇಲೆ ಒಂದು ಗಂಟೆ ಕೇಳಿದರು. ಕೊನೆಗೆ, "ಈ ವಿಷಯ ನಿಮಗೆ ಹೊಳೆದದ್ದು ಹೇಗೆ?" ಎಂದರು. ಪ್ರಬಂಧದ ಮುನ್ನುಡಿಯಲ್ಲಿ ಅದನ್ನು ಬರೆದಿರಲಿಲ್ಲ. ಅಲ್ಲಿ ನಿಂತು, 10.2ರ ಪಕ್ಕ ಇದ್ದ ಸಹಿ ನನ್ನದು ಎಂದು ಹೇಳಿದೆ. ಅತ್ತೆ ಅದನ್ನು ಮೊದಲ ಸಲ ಕೇಳಿದ್ದು ಅವತ್ತೇ. ಮನೆಗೆ ಬರುವ ದಾರಿಯುದ್ದಕ್ಕೂ ಅವರು ನನ್ನ ಕೈ ಹಿಡಿದುಕೊಂಡೇ ಇದ್ದರು.

ಹೋದ ತಿಂಗಳು ನಮ್ಮ ವಿಭಾಗದ ಎಂ.ಡಿ. ಹುಡುಗನೊಬ್ಬ ತನ್ನ ಥೀಸಿಸ್ಸಿನ ಸಮ್ಮತಿ ಪತ್ರ ತಂದು ತೋರಿಸಿದ. ಮೊದಲ ಸಾಲೇ 'ಸದರಿ ಅಧ್ಯಯನದಲ್ಲಿ'. ನಾನು ತಿದ್ದಲಿಲ್ಲ. ಓಪಿಡಿಯ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು ತೋರಿಸಿ, ಹೋಗಿ ಅವರಿಗೆ ಓದಿ ಹೇಳಪ್ಪಾ ಎಂದು ಕಳಿಸಿದೆ. ಮುಕ್ಕಾಲು ಗಂಟೆ ಬಿಟ್ಟು ಬಂದ. ಹಾಳೆಯ ತುಂಬ ಗೀಚಿತ್ತು. "ಮೇಡಮ್, ಅವರು ಒಂದು ಪ್ರಶ್ನೆ ಕೇಳಿದ್ರು, ನನ್ಹತ್ರ ಉತ್ತರ ಇರ್ಲಿಲ್ಲ" ಎಂದು ಕುರ್ಚಿ ಎಳೆದುಕೊಂಡು ಕೂತ.